‘ಪ್ರೊಕ್ಯಾರಿಯೋಟ್’ ಎಂಬ ಹೆಸರು: ಒಂದು ವರ್ಗೀಕರಣದ ಚರಿತ್ರೆ

ಜೀವಿಗಳನ್ನು ಸಸ್ಯ ಮತ್ತು ಪ್ರಾಣಿ ಎಂದು ವಿಂಗಡಿಸುವ ಕ್ರಮ ಬಹು ಪ್ರಾಚೀನವಾದುದು. ಜೀವಕೋಶವನ್ನೇ ಎರಡು ಬಗೆಯಾಗಿ ಕಾಣುವ ಕ್ರಮಕ್ಕಾದರೋ ಸುಮಾರು ನೂರು ವರ್ಷಗಳ ಇತಿಹಾಸವಷ್ಟೇ ಇದೆ. ಫ್ರಾನ್ಸಿನ ಎದುವಾರ್ ಶಾತೊನ್ 1925ರಲ್ಲಿ ಡ್ಯಾಫ್ನಿಯಾ ಎಂಬ ಕಿರು ಜಲಜೀವಿಯ ಪರಾವಲಂಬಿಯೊಂದನ್ನು ಕುರಿತು ಬರೆದ ಪ್ರಬಂಧದಲ್ಲಿ ‘ಪ್ರೊಕ್ಯಾರಿಯೋಟ್’, ‘ಯೂಕ್ಯಾರಿಯೋಟ್’ ಎಂಬ ಪದಗಳನ್ನು ಬಳಸಿದರು. ಅವುಗಳಿಗೆ ವಿವರಣೆ ನೀಡಲಿಲ್ಲ.

ಗ್ರೀಕ್ ಭಾಷೆಯ ‘ಕ್ಯಾರಿಯನ್’ ಎಂದರೆ ಕಾಯಿಯ ತಿರುಳು, ಇಲ್ಲಿ ಕೋಶಕೇಂದ್ರ. ‘ಯೂ’ ಎಂದರೆ ಸರಿಯಾದ, ‘ಪ್ರೊ’ ಎಂದರೆ ಮುಂಚಿನ. ಒಂದು ನಿಜವಾದ ತಿರುಳುಳ್ಳದ್ದು, ಇನ್ನೊಂದು ತಿರುಳಿಗೂ ಮುನ್ನಿನದು. ಈ ಹೆಸರು ರಚನೆಯನ್ನು ಮಾತ್ರ ಹೇಳುವುದಿಲ್ಲ. ಯಾರು ಮೊದಲು, ಯಾರು ಅನಂತರ ಎಂಬ ವಂಶಕಥೆಯನ್ನೂ ಸದ್ದಿಲ್ಲದೆ ಹೇಳಿಬಿಡುತ್ತದೆ.

ಹಲವು ದಶಕಗಳ ಕಾಲ ಈ ಪದಗಳು ಹೆಚ್ಚು ಬಳಕೆಗೆ ಬರಲಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವು ಕೋಶದ ಒಳರಚನೆಯನ್ನು ತೋರಿಸಿದ ಮೇಲೆ, 1962ರಲ್ಲಿ ರೋಜರ್ ಸ್ಟೇನಿಯರ್ ಮತ್ತು ಸಿ. ಬಿ. ವಾನ್ ನೀಲ್ ಅವಕ್ಕೆ ಸ್ಪಷ್ಟ ಲಕ್ಷಣ ಕಟ್ಟಿದರು. ಪ್ರೊಕ್ಯಾರಿಯೋಟ್ ಕೋಶದಲ್ಲಿ ಕೋಶಕೇಂದ್ರವನ್ನು ಬೇರ್ಪಡಿಸುವ ಪೊರೆಯಿಲ್ಲ. ಉಸಿರಾಟಕ್ಕೆ, ದ್ಯುತಿಸಂಶ್ಲೇಷಣೆಗೆ ಪ್ರತ್ಯೇಕ ಕಣದಂಗಗಳಿಲ್ಲ. ಯೂಕ್ಯಾರಿಯೋಟ್‌ಗಳಲ್ಲಿ ಕಾಣುವ ಮೈಟಾಸಿಸ್ ವಿಭಜನೆಯೂ ಇಲ್ಲ. ‘ಉಂಟು’ ಎಂದು ಎತ್ತಿ ಹೇಳಿದ ಮುಖ್ಯ ಲಕ್ಷಣ ಒಂದೇ: ಕೋಶಭಿತ್ತಿಯಲ್ಲಿರುವ ವಿಶಿಷ್ಟವಾದ ಮ್ಯೂಕೊಪೆಪ್ಟೈಡ್. ಸಸ್ಯಶಾಸ್ತ್ರಜ್ಞರು ಪಾಚಿಗಳೆಂದು ಎಣಿಸುತ್ತಿದ್ದ ನೀಲಿ–ಹಸಿರು ಪಾಚಿಗಳು ಈ ಲಕ್ಷಣಗಳಿಂದಾಗಿ ಬ್ಯಾಕ್ಟೀರಿಯಾಗಳ ಸಾಲಿಗೆ ಸೇರಿದವು. ಇದು ಸಣ್ಣ ಸಾಧನೆಯಲ್ಲ.

ಆದರೆ ‘ಇಲ್ಲ’ಗಳ ಮೇಲೆ ನಿಂತ ವರ್ಗಕ್ಕೆ ಒಂದು ದೌರ್ಬಲ್ಯವಿರುತ್ತದೆ. ಓದುಬರಹವಿಲ್ಲದವರೆಂಬ ಒಂದೇ ಕಾರಣಕ್ಕೆ ಬೇರೆ ಬೇರೆ ಸಮುದಾಯಗಳನ್ನು ಒಂದೇ ಕುಲವೆಂದು ಬಗೆದರೆ ಆಗುವ ಪ್ರಮಾದವೇ ಇಲ್ಲಿಯೂ ಆಯಿತು. ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ 1977ರಲ್ಲಿ ರೈಬೋಸೋಮಿನ ಆರ್‌ಎನ್‌ಎಯನ್ನು ಹೋಲಿಸಿ ನೋಡಿದಾಗ, ಮೀಥೇನ್ ಉತ್ಪಾದಿಸುವ ಕೆಲವು ಸೂಕ್ಷ್ಮಜೀವಿಗಳು ಇತರ ಬ್ಯಾಕ್ಟೀರಿಯಾಗಳಿಂದ ತೀರ ದೂರದವೆಂದು ತಿಳಿಯಿತು. ಮುಂದೆ ಆರ್ಕಿಯಾ ಎಂದು ಹೆಸರಾದ ಇವುಗಳ ಭಿತ್ತಿಯಲ್ಲಿ ಆ ಮ್ಯೂಕೊಪೆಪ್ಟೈಡ್ ಕೂಡ ಇರಲಿಲ್ಲ. ಅಲ್ಲಿಗೆ ಆ ಒಂದು ‘ಉಂಟು’ ಸಹ ಕಳಚಿಬಿತ್ತು. ಯೂಕ್ಯಾರಿಯೋಟ್‌ಗಳಿಗೆ ಹತ್ತಿರದ ಬಂಧುಗಳು ಆರ್ಕಿಯಾಗಳಲ್ಲೇ ಇವೆ ಎಂಬುದನ್ನು 2015ರಲ್ಲಿ ವರದಿಯಾದ ಲೋಕಿಆರ್ಕಿಯೋಟಾ ಬಲಪಡಿಸಿತು.

‘ಪ್ರೊಕ್ಯಾರಿಯೋಟ್’ ಪದವನ್ನೇ ಕೈಬಿಡಬೇಕೆಂದು ನಾರ್ಮನ್ ಪೇಸ್ 2006ರಲ್ಲಿ ವಾದಿಸಿದರು. ಪಠ್ಯಪುಸ್ತಕಗಳು ಬಿಟ್ಟಿಲ್ಲ, ಕೋಶದ ರಚನೆಯನ್ನಷ್ಟೇ ಸೂಚಿಸುವುದಾದರೆ ಬಿಡಬೇಕಾಗಿಯೂ ಇಲ್ಲ. ಆದರೂ ಗ್ವಾಡೆಲೂಪ್ ದ್ವೀಪದ ಕಾಂಡ್ಲಾ ವನದಲ್ಲಿ ದೊರೆತು 2022ರಲ್ಲಿ ವರದಿಯಾದ, ಸುಮಾರು 1 ಸೆಂ.ಮೀ. ಉದ್ದದ ‘ಥಿಯೋಮಾರ್ಗರೀಟಾ ಮ್ಯಾಗ್ನಿಫಿಕಾ’ ಎಂಬ ಬ್ಯಾಕ್ಟೀರಿಯಾದಲ್ಲಿ ಡಿಎನ್‌ಎ ಪೊರೆಯುಳ್ಳ ಪುಟ್ಟ ಚೀಲಗಳೊಳಗೆ ಇರುವುದು ಕಂಡುಬಂದಿದೆ.