ಒಪ್ಪಿಸುವದೂ ಬಿಡುವದೂ

ಆಂಗ್ಲ ಭಾಷೆಯಲ್ಲಿ ಚಿಕ್ಕ ಕ್ರಿಯಾಪದದ ಬೆನ್ನಿಗೆ ಒಂದು ಅವ್ಯಯವನ್ನು ಹಚ್ಚಿ ಹೊಸ ಅರ್ಥಗಳನ್ನು ಹುಟ್ಟಿಸುವ ಪದ್ಧತಿಯುಂಟು. ‘ಗಿವ್’ ಎಂದರೆ ಕೊಡುವದು, ‘ಅಪ್’ ಎಂದರೆ ಮೇಲಕ್ಕೆ. ಇವೆರಡೂ ಕೂಡಿ ‘ಗಿವ್ ಅಪ್’ ಎಂದಾದ ಮೇಲೆ ಮೂಲದ ಅರ್ಥಗಳು ಹಿಂದೆ ಸರಿಯುವವು. ನಶ್ಯದ ಚಟವನ್ನು ತೊರೆದವನು, ಕೋಟೆಯನ್ನು ವೈರಿಗೆ ಕೊಟ್ಟವನು, ರೋಗಿಯ ಆಸೆಯನ್ನು ಬಿಟ್ಟ ವೈದ್ಯನು, ಒಗಟನ್ನು ಒಡೆಯಲಾರದೆ ಸೋತೆನೆಂದ ಬಾಲಕನು, ಈ ನಾಲ್ವರಿಗೂ ಆ ಭಾಷೆಯಲ್ಲಿ ಇದೊಂದೇ ಮಾತು ಸಾಕು. ಕನ್ನಡವು ಇವರೆಲ್ಲರನ್ನು ಒಂದೇ ಪಂಕ್ತಿಯಲ್ಲಿ ಕೂಡ್ರಿಸುವದಿಲ್ಲ. ಚಟವನ್ನು ಬಿಡುವರು, ಕೋಟೆಯನ್ನು ಒಪ್ಪಿಸುವರು, ಹಕ್ಕನ್ನು ಬಿಟ್ಟುಕೊಡುವರು, ಆಸೆ ತೀರಿದಾಗ ಕೈಚೆಲ್ಲುವರು. ಈ ಭೇದವು ಕೇವಲ ವ್ಯಾಕರಣದ್ದಲ್ಲವೆಂಬುದನ್ನು ರೋಣ, ನರಗುಂದ, ಗಜೇಂದ್ರಗಡಗಳ ಇತಿಹಾಸವೇ ತೋರಿಸಿಕೊಡುವದು.

ರೋಣದ ಸೀಮೆಯ ಸೂಡಿಯು ಹನ್ನೊಂದನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಹೆಸರಾದ ಊರು. ಕಿಸುಕಾಡು ಎಪ್ಪತ್ತನ್ನು ಆಳಿದ ಅಕ್ಕಾದೇವಿಯ ಹೆಸರು ಅಲ್ಲಿಯ ಶಾಸನದಲ್ಲಿದೆ. ಅಂಥ ಹಳಗನ್ನಡ ಶಾಸನಗಳಲ್ಲಿ ದೇವಸ್ಥಾನಕ್ಕೆ ಭೂಮಿಯನ್ನು ದತ್ತಿ ಕೊಡುವದಕ್ಕೆ ‘ಬಿಡು’ ಎಂಬ ಮಾತೇ ಬಳಕೆಯಲ್ಲಿತ್ತು. ಇಟ್ಟುಕೊಳ್ಳುವ ಶಕ್ತಿಯಿದ್ದವನು ಸ್ವಸಂತೋಷದಿಂದ ಬಿಡುವದು ದಾನ. ಅಲ್ಲಿ ಸೋಲಿನ ವಾಸನೆಯಿಲ್ಲ.

ಏಳು ಶತಮಾನಗಳ ತರುವಾಯ ಅದೇ ಸೀಮೆಯಲ್ಲಿ ಕೊಡುವದರ ಬೇರೊಂದು ಬಗೆ ಕಂಡಿತು. 1785ರಲ್ಲಿ ಟೀಪು ಸುಲ್ತಾನನ ಸೈನ್ಯವು ನರಗುಂದವನ್ನು ಮುತ್ತಿತು. ಒಡೆಯನಾದ ವೆಂಕಟರಾವ ಭಾವೆಯು ಕೊನೆಗೆ ಕೋಟೆಯನ್ನು ಒಪ್ಪಿಸಿದನು. ಒಪ್ಪಿಸಿಯೂ ಸೆರೆ ತಪ್ಪಲಿಲ್ಲ. 1787ರಲ್ಲಿ ಮರಾಠರಿಗೂ ಟೀಪುವಿಗೂ ಆದ ಒಪ್ಪಂದಕ್ಕೆ ಗಜೇಂದ್ರಗಡದ ಹೆಸರೇ ನಿಂತಿತು. ಅದರಂತೆ ಟೀಪುವು ಬಾದಾಮಿ, ಕಿತ್ತೂರು, ನರಗುಂದಗಳನ್ನು ಬಿಟ್ಟುಕೊಟ್ಟನು. ‘ಒಪ್ಪಿಸು’ ಎಂಬಲ್ಲಿ ಮುತ್ತಿಗೆಯ ಒತ್ತಾಯವಿದೆ; ‘ಬಿಟ್ಟುಕೊಡು’ ಎಂಬಲ್ಲಿ ಎರಡು ಪಕ್ಷಗಳ ಲೆಕ್ಕಾಚಾರವಿದೆ.

ಮೂರನೆಯ ಪ್ರಸಂಗವು 1858ರದು. ನರಗುಂದದ ಭಾಸ್ಕರರಾವ ಭಾವೆಯವರಿಗೆ, ಎಂದರೆ ಬಾಬಾಸಾಹೇಬರಿಗೆ, ಗಂಡುಸಂತಾನವಿರಲಿಲ್ಲ. ದತ್ತಕಕ್ಕೆ ಕುಂಪಣಿ ಸರಕಾರವು ಒಪ್ಪಿಗೆ ಕೊಡಲಿಲ್ಲ. ಮೇಲೆ ತೋಪು ಮದ್ದುಗಳನ್ನೂ ಕೇಳಿತು. ಸರಕಾರದ ಭಾಷೆಯಲ್ಲಿ ಅದು ‘ಗಿವ್ ಅಪ್’ ಎಂಬಷ್ಟರ ಮಾತು. ನರಗುಂದದ ಅರಮನೆಯಲ್ಲಿಯಾದರೋ ಅದು ವಂಶವನ್ನೂ ಸಂಸ್ಥಾನವನ್ನೂ ಮಾನವನ್ನೂ ಒಟ್ಟಿಗೆ ಒಪ್ಪಿಸುವ ಮಾತಾಯಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟನಾದ ಮ್ಯಾನ್ಸನ್ ಕೊಲೆಯಾದನು. ಜೂನ್ ತಿಂಗಳ ಮೊದಲಲ್ಲಿಯೇ ಕೋಟೆಯು ಆಂಗ್ಲರ ವಶವಾಯಿತು. ತಪ್ಪಿಸಿಕೊಂಡು ಹೋದ ಬಾಬಾಸಾಹೇಬರು ಸಿಕ್ಕಿಬಿದ್ದು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಅವರ ತಾಯಿಯೂ ಹೆಂಡತಿಯೂ ಮಲಪ್ರಭೆಯಲ್ಲಿ ಪ್ರಾಣ ಬಿಟ್ಟರು. ಸೂಡಿಯ ಕಾಲದಲ್ಲಿ ದಾನಕ್ಕಿದ್ದ ಕ್ರಿಯಾಪದವೇ ಇಲ್ಲಿ ಮರಣಕ್ಕೂ ಬಂದಿತು.

ಆದುದರಿಂದ ಇತಿಹಾಸವನ್ನು ಆಂಗ್ಲದಿಂದ ಕನ್ನಡಿಸುವವರು ‘ಗಿವ್ ಅಪ್’ ಎಂಬುದನ್ನು ಕಂಡಲ್ಲಿ ನಿಘಂಟಿನ ಮೊದಲನೆಯ ಅರ್ಥವನ್ನು ಬರೆದು ಮುಂದೆ ಸಾಗಬಾರದು. ಕೊಟ್ಟವನಾರು, ಕೇಳಿದವನಾರು, ಒಲ್ಲೆನೆನ್ನುವ ಸ್ವಾತಂತ್ರ್ಯ ಕೊಟ್ಟವನಿಗಿತ್ತೋ ಇಲ್ಲವೋ ಎಂಬುದನ್ನು ಮೊದಲು ವಿಚಾರಿಸತಕ್ಕದ್ದು. ಕಸಿದುಕೊಂಡದ್ದನ್ನು ‘ಬಿಟ್ಟುಕೊಟ್ಟರು’ ಎಂದು ಬರೆದರೆ ಕಸಿದವನ ಹೊಣೆಯೆಲ್ಲ ಕಳಕೊಂಡವನ ಮೇಲೆ ಬೀಳುವದು. ಕನ್ನಡಕ್ಕೆ ಈ ಮಾತುಗಳ ಬಡತನವಿಲ್ಲ. ಅವನ್ನು ಆರಿಸುವ ವಿವೇಕ ಮಾತ್ರ ಬೇಕಾಗಿದೆ.