ತುಂಗಭದ್ರೆಯ ನಡುಗಡ್ಡೆಗಳು

ದ್ವೀಪವೊಂದಕ್ಕೆ ಹೋಗಿ ನಾಲ್ಕು ದಿನ ರಜೆ ಕಳೆದು ಬರಬೇಕೆಂಬುದು ಈಚಿನ ನಗರವಾಸಿಗಳ ಆಸೆಗಳಲ್ಲಿ ಒಂದು. ಪ್ರವಾಸದ ಸಂಸ್ಥೆಗಳು ಹಂಚುವ ಬಣ್ಣದ ಪುಸ್ತಿಕೆಗಳಲ್ಲಿ ಈ ಆಸೆಗೆ ಒಂದು ಸಿದ್ಧ ಚಿತ್ರವೂ ಇದೆ. ನೀಲಿಯ ಕಡಲು, ಬಿಳಿಯ ಮರಳು, ಬಾಗಿದ ತೆಂಗು, ಎರಡು ಮರಗಳ ನಡುವೆ ಕಟ್ಟಿದ ಜೋಲಿ. ಕೆಳಗೆ ಬಾರ್ಬಡೋಸ್, ಜಮೈಕ, ಸೇಂಟ್ ಲೂಸಿಯ ಎಂದು ಕೆರಿಬಿಯನ್ ಸಮುದ್ರದ ಯಾವುದಾದರೊಂದು ಹೆಸರು. ಹೆಸರು ಬದಲಾದರೂ ಚಿತ್ರ ಬದಲಾಗುವುದಿಲ್ಲ. ಆ ದ್ವೀಪದಲ್ಲಿ ಹುಟ್ಟಿ ಬೆಳೆದ ಜನ ಮಾತ್ರ ಅದರಲ್ಲಿ ಸಾಮಾನ್ಯವಾಗಿ ಕಾಣಿಸುವುದಿಲ್ಲ. ಕಂಡರೂ ಅತಿಥಿಗಳ ಮುಂದೆ ತಟ್ಟೆ ಹಿಡಿದು ನಿಂತಿರುತ್ತಾರೆ.

ಅಷ್ಟು ದೂರ ಹೋಗಲಾರದ ನಮಗೆ ದ್ವೀಪಗಳೇ ಇಲ್ಲವೆ? ಸಂಡೂರಿನ ಬೆಟ್ಟಸಾಲಿನಲ್ಲಿ ದೋಣಿಮಲೈ ಎಂಬ ಊರಿದೆ. ಹೆಸರಿನಲ್ಲಿ ದೋಣಿಯಿದ್ದರೂ ಅಲ್ಲಿ ಅದನ್ನು ತೇಲಿಸುವಂಥ ಹೊಳೆಯಿಲ್ಲ. ಇರುವುದು ಕಬ್ಬಿಣದ ಅದಿರು. ರಾಷ್ಟ್ರೀಯ ಖನಿಜ ಅಭಿವೃದ್ಧಿ ನಿಗಮವು 1977ರಲ್ಲಿ ಅಲ್ಲಿ ಗಣಿ ಆರಂಭಿಸಿದ ಮೇಲೆ ಬೇರೆ ಬೇರೆ ಪ್ರಾಂತಗಳ ಕುಟುಂಬಗಳು ಬಂದು ನೆಲಸಿದವು. ಅಲ್ಲಿಂದ ಸಂಡೂರಿಗೆ ಬಂದು, ಹೊಸಪೇಟೆಯನ್ನು ಹಾಯ್ದು, ಹಂಪಿಯ ಹೊಳೆದಂಡೆಯನ್ನು ಮುಟ್ಟಿದರೆ ದೋಣಿಯೂ ಉಂಟು, ದ್ವೀಪವೂ ಉಂಟು. ಗಣಿಯ ಕೆಂಪು ಧೂಳಿನಿಂದ ತುಂಗಭದ್ರೆಯ ನೀರಿಗೆ ಒಂದು ಬೆಳಗಿನ ಪ್ರಯಾಣ. ಆ ಹೊಳೆಯ ನಡುಗಡ್ಡೆಗಳ ಕಥೆಯನ್ನೂ, ಅಲ್ಲಿ ನೋಡತಕ್ಕದ್ದೇನು ಎಂಬುದನ್ನೂ ಕುರಿತು ಈ ಕೆಲವು ಮಾತು.

ದ್ವೀಪ ಎಂಬುದು ಸಂಸ್ಕೃತದ ಶಬ್ದ. ಕೇಳಿದೊಡನೆ ಕಡಲು ನೆನಪಿಗೆ ಬರುತ್ತದೆ. ಹೊಳೆಯ ಜನಕ್ಕೆ ಅವರದೇ ಮಾತುಗಳಿವೆ. ಕರಾವಳಿಯವರು ಕುದ್ರು ಎನ್ನುತ್ತಾರೆ. ಕೃಷ್ಣಾ ತುಂಗಭದ್ರೆಯರ ಸೀಮೆಯವರು ನಡುಗಡ್ಡೆ, ಅಥವಾ ಬರಿಯ ಗಡ್ಡೆ, ಗಡ್ಡಿ ಎನ್ನುತ್ತಾರೆ. ವಿರೂಪಾಕ್ಷ ದೇವಾಲಯದ ಎದುರಿನ ದಂಡೆಯ ಕಡೆಗಿರುವ ನೆಲಕ್ಕೆ ವಿರೂಪಾಪುರ ಗಡ್ಡೆ ಎಂದು ಹೆಸರು. ಹೊರಗಿನಿಂದ ಬಂದವರು ಇದನ್ನು ಗದ್ದೆ ಎಂದು ತಿಳಿಯುವುದುಂಟು. ಅಲ್ಲಿ ಭತ್ತದ ಗದ್ದೆಗಳೂ ಇರುವುದರಿಂದ ಆ ತಪ್ಪು ಪೂರ್ತಿ ತಪ್ಪೂ ಅಲ್ಲ.

ಹಂಪಿಯ ಸುತ್ತ ತುಂಗಭದ್ರೆ ಒಂದೇ ಪಾತ್ರದಲ್ಲಿ ಹರಿಯುವ ಹೊಳೆಯಲ್ಲ. ಬಂಡೆಗಳು ಅಡ್ಡ ಬಂದಲ್ಲಿ ಒಡೆದು, ಅವನ್ನು ಬಳಸಿ, ಮುಂದೆ ಮತ್ತೆ ಕೂಡಿಕೊಳ್ಳುತ್ತದೆ. ವಿಜಯನಗರದ ಕಾಲದಲ್ಲಿ ಒಡ್ಡು ಕಟ್ಟಿದವರು ಹೊಳೆಯ ಈ ಸ್ವಭಾವವನ್ನು ಚೆನ್ನಾಗಿ ಬಲ್ಲವರು. ನಡುವಿನ ಬಂಡೆಗಳನ್ನೇ ಆಸರೆಯಾಗಿ ಹಿಡಿದು ನೀರನ್ನು ತಿರುಗಿಸಿದರು. ಆ ಕಾಲದ ತುರ್ತು ಕಾಲುವೆಯಿಂದ ಹಂಪಿಯ ಬಾಳೆ, ಕಬ್ಬು, ಭತ್ತಗಳಿಗೆ ಇಂದಿಗೂ ನೀರು ಹರಿಯುತ್ತಿದೆ. ಅರಮನೆಗಳು ಪಾಳುಬಿದ್ದವು, ಕಾಲುವೆ ಬತ್ತಲಿಲ್ಲ. ಹಂಪಿಯನ್ನು ಕೇವಲ ಹಾಳೂರು ಎನ್ನುವವರು ಈ ಕಾಲುವೆಯ ದಂಡೆಯ ಮೇಲೆ ಸ್ವಲ್ಪ ದೂರ ನಡೆದು ನೋಡಬೇಕು.

ಹೊಳೆ ದಾಟುವ ಸಾಧನವೂ ಹಳೆಯದೇ. ಕೃಷ್ಣದೇವರಾಯನ ಆಳ್ವಿಕೆಯಲ್ಲಿ, 1520ರ ಸುಮಾರಿಗೆ, ವಿಜಯನಗರವನ್ನು ಕಂಡ ಪೋರ್ಚುಗೀಸ ದೊಮಿಂಗೊ ಪಾಯೆಸ್ ಆನೆಗೊಂದಿಗೆ ದಾಟುವ ದೋಣಿಗಳನ್ನು ವರ್ಣಿಸಿದ್ದಾನೆ. ಅವು ಬುಟ್ಟಿಯಂತೆ ದುಂಡಗಿದ್ದುವು. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲಿನ ಹೊದಿಕೆ. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು. ಅಗತ್ಯ ಬಿದ್ದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತಿದ್ದರು. ಈ ದೋಣಿ ಇತರ ದೋಣಿಗಳಂತೆ ನೇರವಾಗಿ ಹೋಗಲಾರದು, ಸದಾ ಸುತ್ತುತ್ತಲೇ ಇರುತ್ತದೆ ಎಂದು ಅವನು ಗುರುತಿಸಿದ್ದಾನೆ. ಕಡಲ ಹಡಗುಗಳಲ್ಲಿ ಬಂದವನಿಗೆ ಅದು ವಿಚಿತ್ರವಾಗಿ ಕಂಡದ್ದು ಸಹಜ. ನಾವು ಹರಿಗೋಲು ಎಂದೂ ತೆಪ್ಪವೆಂದೂ ಕರೆಯುವುದು ಇದನ್ನೇ. ಈಗ ತೊಗಲಿನ ಬದಲು ಪ್ಲಾಸ್ಟಿಕ್ ಹಾಳೆ ಬಂದಿದೆ, ಮೇಲೆ ಡಾಂಬರು ಬಳಿಯುತ್ತಾರೆ. ಬುಟ್ಟಿಯ ಆಕಾರವೂ ಸುತ್ತುವ ಗುಣವೂ ಹಾಗೆಯೇ ಉಳಿದಿವೆ. ಪುರಂದರದಾಸರು ದೇವರನ್ನೇ ಅಂಬಿಗನೆಂದು ಕರೆದರು. ಅವರ ಹೆಸರಿನ ಮಂಟಪ ಇದೇ ಹೊಳೆಯ ಅಂಚಿನಲ್ಲಿದೆ.

ಈ ಹೊಳೆ ದಾಟುವುದೆಂದರೆ ಬಹುಕಾಲ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ದಾಟುವುದಾಗಿತ್ತು. ಉತ್ತರದ ದಂಡೆಯ ಆನೆಗೊಂದಿ 1948ರವರೆಗೆ ನಿಜಾಮರ ಆಡಳಿತಕ್ಕೆ ಒಳಪಟ್ಟಿತ್ತು. ದಕ್ಷಿಣದ ಹಂಪಿ ಮದರಾಸಿಗೆ ಸೇರಿದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರಲ್ಲಿ ಮೈಸೂರಿಗೆ ಬಂತು. ಸಂಡೂರು 1949ರವರೆಗೆ ಘೋರ್ಪಡೆ ಮನೆತನದ ಸಂಸ್ಥಾನ. 1956ರಲ್ಲಿ ಎರಡು ದಂಡೆಗಳೂ ಒಂದೇ ರಾಜ್ಯವಾದುವು. ಇಂದಿಗೂ ಆನೆಗೊಂದಿ ಕೊಪ್ಪಳ ಜಿಲ್ಲೆಯದು; ಹಂಪಿ, ಹೊಸಪೇಟೆಗಳು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯವು; ಸಂಡೂರು, ಕಂಪ್ಲಿಗಳು ಬಳ್ಳಾರಿಯವು. ಗಡಿಗಳು ಎಷ್ಟು ಸಲ ಬದಲಾದರೂ ಅಂಬಿಗನ ಹುಟ್ಟು ಎರಡು ದಂಡೆಗಳನ್ನೂ ಕೂಡಿಸುತ್ತಲೇ ಬಂತು.

ಈ ನಡುಗಡ್ಡೆಗಳಲ್ಲಿ ಎರಡನ್ನು ವಿಶೇಷವಾಗಿ ಹೇಳಬೇಕು. ಒಂದು ಆನೆಗೊಂದಿಯ ಬಳಿಯ ನವವೃಂದಾವನ. ಮಾಧ್ವ ಪರಂಪರೆಯ ಒಂಬತ್ತು ಯತಿಗಳ ವೃಂದಾವನಗಳು ಇಲ್ಲಿವೆ. ನಡುವೆ ವ್ಯಾಸರಾಯರದು. ವಿಜಯನಗರದ ಅರಸರ ಗೌರವಕ್ಕೆ ಪಾತ್ರರಾಗಿ, ದಾಸಸಾಹಿತ್ಯಕ್ಕೆ ಬೆಂಬಲವಾಗಿ ನಿಂತ ಆ ಮಹನೀಯರು ದೇಹ ಬಿಟ್ಟದ್ದು 1539ರಲ್ಲಿ. ಸುತ್ತಲೂ ನೀರು, ನಡುವೆ ಮೌನ. 2019ರ ಜುಲೈನಲ್ಲಿ ನಿಧಿಯಾಸೆಯ ಕಳ್ಳರು ರಾತ್ರಿ ಬಂದು ಈ ವೃಂದಾವನವನ್ನು ಅಗೆದು ಕೆಡವಿದರು. ಸುದ್ದಿ ತಿಳಿದೊಡನೆ ಯತಿಗಳೂ ಭಕ್ತರೂ ನೆರೆದು ಬಹು ಬೇಗ ಅದನ್ನು ಮತ್ತೆ ಕಟ್ಟಿ ನಿಲ್ಲಿಸಿದರು. ಸನ್ಯಾಸಿಯ ಸಮಾಧಿಯಲ್ಲಿ ಹೊನ್ನನ್ನು ಹುಡುಕಿದ ಆ ಕಣ್ಣು ಎಂಥದು ಎಂದು ಯೋಚಿಸಬೇಕಾಗಿದೆ.

ಇನ್ನೊಂದು ವಿರೂಪಾಪುರ ಗಡ್ಡೆ. ಇಲ್ಲಿ ನಿಂತು ಹೊಳೆಯಾಚೆ ನೋಡಿದರೆ ವಿರೂಪಾಕ್ಷನ ಗೋಪುರವೂ ಹೇಮಕೂಟವೂ ಒಂದೇ ನೋಟದಲ್ಲಿ ಕಾಣುತ್ತವೆ. ಈ ನೋಟವೇ ಗಡ್ಡೆಯ ಭಾಗ್ಯ, ದೌರ್ಭಾಗ್ಯವೂ ಅದೇ. 1986ರಲ್ಲಿ ಹಂಪಿಯ ಸ್ಮಾರಕಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುವು. 1988ರಲ್ಲಿ ರಾಜ್ಯ ಸರ್ಕಾರದ ಅಧಿಸೂಚನೆಯು ಸಂರಕ್ಷಿತ ಪ್ರದೇಶವನ್ನು ಘೋಷಿಸಿತು. ಅದೇ ಕಾಲದಿಂದ ಗೋವೆಯ ಕಡಲತಡಿಗೆ ಬಂದ ವಿದೇಶೀಯರು ಹಂಪಿಗೂ, ಹಂಪಿಯಿಂದ ಹೊಳೆ ದಾಟಿ ಗಡ್ಡೆಗೂ ಬರತೊಡಗಿದರು. ಭತ್ತದ ಹೊಲಗಳ ಅಂಚಿನಲ್ಲಿ ಗುಡಿಸಲುಗಳೆದ್ದುವು, ಗುಡಿಸಲುಗಳು ವಸತಿಗೃಹಗಳಾದುವು. ಜೋಲಿಗಳು ತೂಗಿದುವು, ಬಾಡಿಗೆಗೆ ಮೊಪೆಡ್‌ಗಳು ನಿಂತುವು, ಬಂಡೆ ಹತ್ತುವ ಆಟ ಬಂತು. ಪುಸ್ತಿಕೆಯ ಆ ಕೆರಿಬಿಯನ್ ಚಿತ್ರವೇ, ಕಡಲೊಂದನ್ನು ಬಿಟ್ಟು, ತುಂಗಭದ್ರೆಯಲ್ಲಿ ತಯಾರಾಯಿತು. ಜಗತ್ತಿನ ಪ್ರವಾಸಿಗಳು ಇದಕ್ಕೆ ಹಿಪ್ಪಿ ದ್ವೀಪವೆಂಬ ಹೆಸರನ್ನೂ ಕೊಟ್ಟರು.

2019ರ ಆಗಸ್ಟಿನಲ್ಲಿ ಜಲಾಶಯದಿಂದ ಬಿಟ್ಟ ನೀರು ಗಡ್ಡೆಯನ್ನು ಸುತ್ತುವರಿದಾಗ ನೂರಾರು ಪ್ರವಾಸಿಗಳು ಸಿಕ್ಕಿಕೊಂಡರು. ಅವರನ್ನು ದೋಣಿಗಳಲ್ಲಿಯೂ ಹೆಲಿಕಾಪ್ಟರುಗಳಲ್ಲಿಯೂ ಹೊರತರಬೇಕಾಯಿತು. 1953ರಲ್ಲಿ ಅಣೆಕಟ್ಟು ಸಿದ್ಧವಾದ ಮೇಲೆ ಈ ಹೊಳೆಯ ಏರಿಳಿತವು ಮಳೆಯನ್ನಷ್ಟೇ ಅಲ್ಲದೆ ಗೇಟುಗಳನ್ನೂ ಅವಲಂಬಿಸಿದೆ. ಇಲ್ಲಿಗೆ ಬರುವವರು ಇದನ್ನು ಮರೆಯಬಾರದು. ನ್ಯಾಯಾಲಯದ ವ್ಯಾಜ್ಯ ಅದಕ್ಕೂ ಹಿಂದಿನಿಂದ ನಡೆದಿತ್ತು. ಗಡ್ಡೆಯ ವಾಣಿಜ್ಯ ಕಟ್ಟಡಗಳು ಪ್ರಾಚೀನ ಸ್ಮಾರಕಗಳ 1961ರ ಕಾಯಿದೆಗೆ ವಿರುದ್ಧವಾದವು ಎಂಬ ಹೈಕೋರ್ಟಿನ ನಿರ್ಣಯವನ್ನು 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಮಾರ್ಚಿನಲ್ಲಿ ಯಂತ್ರಗಳು ಬಂದುವು, ಕಟ್ಟಡಗಳು ನೆಲಸಮವಾದುವು.

ಕಾನೂನಿನ ನ್ಯಾಯ ಇಲ್ಲಿ ಸ್ಪಷ್ಟವಾಗಿದೆ. ಹಂಪಿ ಎಂದರೆ ಗುಡಿಗೋಪುರಗಳು ಮಾತ್ರವಲ್ಲ. ಹೊಳೆ, ಬಂಡೆ, ಹೊಲಗಳೆಲ್ಲ ಕೂಡಿ ಹಂಪಿ. ಒಬ್ಬರ ಲಾಭಕ್ಕಾಗಿ ಎಲ್ಲರ ನೋಟವನ್ನು ಮುಚ್ಚಲಾಗದು. ಆದರೆ ಆ ಮೂವತ್ತು ವರ್ಷಗಳಲ್ಲಿ ಅಡಿಗೆ ಮಾಡಿ, ಬಟ್ಟೆ ಒಗೆದು, ದೋಣಿ ನಡೆಸಿ ಬದುಕಿದ ಸುತ್ತಲಿನ ಹಳ್ಳಿಯವರ ಮಾತೂ ಉಂಟಲ್ಲ? ಪ್ರವಾಸಿಯ ಕಣ್ಣಿಗೆ ಅವರು ಸೇವಕರಾಗಿ ಕಂಡಿದ್ದರು. ಕಡತದಲ್ಲಿ ಅತಿಕ್ರಮಣದ ಒಂದು ಸಾಲಾಗಿ ಉಳಿದರು. ಎರಡು ಕಡೆಯೂ ಅವರು ಪೂರ್ತಿಯಾಗಿ ಕಾಣಲಿಲ್ಲ.

ಇಲ್ಲಿ ಮತ್ತೆ ಕೆರಿಬಿಯನ್ ದ್ವೀಪಗಳ ಕಡೆ ತಿರುಗುವುದು ಉಚಿತ. ಅವಕ್ಕೂ ನಮಗೂ ಇರುವ ನಂಟು ಬರಿಯ ಹೋಲಿಕೆಯದಲ್ಲ. ಕೊಲಂಬಸ್ ಹುಡುಕಿಹೊರಟದ್ದು ಪೂರ್ವದೇಶಗಳ ಸಿರಿಯನ್ನು. 1492ರಲ್ಲಿ ಅವನು ಕಂಡದ್ದು ಬೇರೆಯೇ ದ್ವೀಪಗಳು. ತಪ್ಪು ಎಣಿಕೆಯಿಂದ ಹುಟ್ಟಿದ ಇಂಡೀಸ್ ಎಂಬ ಹೆಸರು ಅವಕ್ಕೆ ಅಂಟಿತು. 1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಅದೇ ವರ್ಷದ ಜುಲೈ 31ರಂದು ಕೊಲಂಬಸ್ ಟ್ರಿನಿಡಾಡ್ ದ್ವೀಪವನ್ನು ಕಂಡ. ಒಂದು ದಾರಿ ಮುಂದೆ ಪಾಯೆಸನಂಥವರನ್ನು ವಿಜಯನಗರಕ್ಕೆ ತಂದಿತು. ಇನ್ನೊಂದು ದಾರಿ ಆ ದ್ವೀಪಗಳ ಮೂಲನಿವಾಸಿಗಳನ್ನು ಬಹುಮಟ್ಟಿಗೆ ಅಳಿಸಿ, ಕಬ್ಬಿನ ತೋಟಗಳಿಗೆ ಆಫ್ರಿಕದ ಗುಲಾಮರನ್ನು ತಂದಿತು. ಗುಲಾಮಗಿರಿ ನಿಂತ ಮೇಲೆ ಕರಾರಿನ ಕೂಲಿಗಳಾಗಿ ಭಾರತೀಯರು ಹೋದರು. ಟ್ರಿನಿಡಾಡಿಗೆ ಅವರ ಮೊದಲ ಹಡಗು ಮುಟ್ಟಿದ್ದು 1845ರ ಮೇ 30ರಂದು. 1917ರವರೆಗೆ ಸುಮಾರು 1,40,000 ಜನ ಆ ಒಂದು ದ್ವೀಪಕ್ಕೇ ಹೋದರು. ಬಹುಪಾಲು ಉತ್ತರ ಭಾರತದವರು. ಮದರಾಸಿನಿಂದ ಹಡಗೇರಿದವರೂ ಇದ್ದರು.

ಅಂಥ ಕೂಲಿಯವರ ವಂಶದಲ್ಲಿ, ಟ್ರಿನಿಡಾಡಿನ ಚಗ್ವಾನಸ್ ಎಂಬ ಊರಿನಲ್ಲಿ 1932ರಲ್ಲಿ ಹುಟ್ಟಿದವರು ವಿ. ಎಸ್. ನೈಪಾಲ್. ಕೆರಿಬಿಯನ್ ದ್ವೀಪದಿಂದ ಬಂದು ಹಂಪಿಯನ್ನು ಕಂಡ ಪ್ರವಾಸಿ ಅವರು. ಭಾರತವನ್ನು ಗಾಯಗೊಂಡ ನಾಗರಿಕತೆಯೆಂದು ಕರೆದ ಅವರ 1977ರ ಪುಸ್ತಕ ಆರಂಭವಾಗುವುದೇ ವಿಜಯನಗರದ ಅವಶೇಷಗಳಿಂದ. ಮುರಿದ ಕಲ್ಲುಗಳಲ್ಲಿ ಅವರು ಒಂದು ದೇಶದ ಸೋಲನ್ನು ಕಂಡರು. ಅವುಗಳ ನಡುವೆ ಬದುಕುವವರಲ್ಲಿಯೂ ಆ ಸೋಲೇ ಅವರಿಗೆ ಕಾಣಿಸಿತು. ಆ ನೋಟದಲ್ಲಿ ವೇದನೆಯಿದೆ, ತೀಕ್ಷ್ಣತೆಯಿದೆ. ನೀರು ಹರಿಯುವ ಕಾಲುವೆಗೆ ಅದರಲ್ಲಿ ಇಂಬು ಕಡಮೆ.

ಇದಕ್ಕೆ ಎದುರಾಗಿ ಇನ್ನೊಬ್ಬರನ್ನು ನೆನೆಯಬೇಕು. ಸೇಂಟ್ ಲೂಸಿಯದ ಕವಿ ಡೆರೆಕ್ ವಾಲ್ಕಾಟ್ 1992ರಲ್ಲಿ ನೊಬೆಲ್ ಪ್ರಶಸ್ತಿ ಸ್ವೀಕರಿಸಿ ಮಾಡಿದ ಭಾಷಣ ಒಂದು ರಾಮಲೀಲೆಯಿಂದ ಪ್ರಾರಂಭವಾಗುತ್ತದೆ. ಚಗ್ವಾನಸ್‌ಗೆ ಹತ್ತಿರದ ಫೆಲಿಸಿಟಿ ಎಂಬ ಹಳ್ಳಿಯ ಬಯಲು; ಕಬ್ಬಿನ ಕೂಲಿಗಳ ಮೊಮ್ಮಕ್ಕಳು ಬಿಲ್ಲುಬಾಣ ಹಿಡಿದು ರಾಮಾಯಣವಾಡುತ್ತಿದ್ದಾರೆ. ವಾಲ್ಕಾಟರಿಗೆ ಮೊದಲು ಅದರಲ್ಲಿ ಎಲ್ಲೋ ಕಳೆದುಹೋದುದರ ಮಸಕು ನೆನಪು ಕಾಣಿಸಿತಂತೆ. ಆಮೇಲೆ ತಾವು ನೋಡಿದ ಬಗೆಯನ್ನೇ ಅವರು ಆಕ್ಷೇಪಿಸಿಕೊಂಡರು. ಆ ಹುಡುಗರು ನಟಿಸುತ್ತಿರಲಿಲ್ಲ, ನಂಬಿದ್ದರು. ಅದು ಅಳಲಲ್ಲ, ಹಬ್ಬ. ಪ್ರವಾಸದ ಪುಸ್ತಿಕೆಗಳು ತಮ್ಮ ದ್ವೀಪಗಳನ್ನು ನೀಲಿಯ ಕೊಳವಾಗಿ ಮಾಡಿಬಿಡುವುದನ್ನೂ ಅದೇ ಭಾಷಣದಲ್ಲಿ ಅವರು ಖಂಡಿಸಿದ್ದಾರೆ.

ಫೆಲಿಸಿಟಿಯ ಆ ರಾಮಾಯಣದಲ್ಲಿಯೂ ಕಿಷ್ಕಿಂಧೆ ಬರುತ್ತದೆ. ನಮ್ಮ ಜನದ ನಂಬಿಕೆಯಲ್ಲಿ ಕಿಷ್ಕಿಂಧೆಯೆಂದರೆ ಇದೇ ಆನೆಗೊಂದಿಯ ಸೀಮೆ. ಅಂಜನಾದ್ರಿ, ಪಂಪಾ ಸರೋವರಗಳು ಹೊಳೆಯ ಆ ದಂಡೆಯಲ್ಲಿವೆ. ಆ ಹಳ್ಳಿಯನ್ನು ನೋಡಲು ಕಡೆಗೆ ಬೇಕಾದ ಕಣ್ಣೇ ಈ ನಡುಗಡ್ಡೆಗಳಿಗೂ ಬೇಕು. ಬರಿಯ ಹಾಳನ್ನು ನೋಡುವವನಿಗೂ ಬರಿಯ ವಿಹಾರವನ್ನು ನೋಡುವವನಿಗೂ ಇಲ್ಲಿಯ ಮನುಷ್ಯ ಕಾಣಿಸನು.

ಹಾಗಾದರೆ ರಜೆಯ ದಿನ ಇಲ್ಲಿಗೆ ಬಂದವರು ಏನು ಮಾಡಬೇಕು? ಬೆಳಗಿನ ತಂಪಿನಲ್ಲಿ ಅಂಜನಾದ್ರಿಯ ಮೆಟ್ಟಿಲು ಹತ್ತಿ ನೋಡಿದರೆ ಹೊಳೆಯ ಕವಲುಗಳು ತಾವಾಗಿಯೇ ತಿಳಿಯುತ್ತವೆ. ಆನೆಗೊಂದಿಯಲ್ಲಿ ಕೋಟೆಯ ಬಾಗಿಲು, ಗಗನಮಹಲು, ರಂಗನಾಥನ ಗುಡಿಗಳನ್ನು ನೋಡಿ. ಬಾಳೆಯ ನಾರಿನಿಂದ ಬುಟ್ಟಿ, ಚೀಲ ಹೆಣೆಯುವ ಹೆಂಗಸರ ಕೈಚಳಕವನ್ನೂ ನೋಡಿ. ಹೊಳೆ ಶಾಂತವಾಗಿದ್ದಾಗ ನವವೃಂದಾವನಕ್ಕೆ ದಾಟಿ ಪ್ರದಕ್ಷಿಣೆ ಬನ್ನಿ. ಸುಳಿಗಳಿರುವ ಈ ಹೊಳೆಯಲ್ಲಿ ಊರವರು ಬೇಡವೆಂದ ಕಡೆ ಇಳಿಯಬೇಡಿ. ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರು ಹೊಳೆಯನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದಾರೆ. ಗದ್ದಲ ಮಾಡದೆ ಕುಳಿತವರಿಗೆ ಬಂಡೆಗಳ ಮೇಲೆ ಅವು ಕಂಡಾವು.

ಬುಕ್ಕಸಾಗರ ಕಡೆಬಾಗಿಲುಗಳ ನಡುವೆ ಸೇತುವೆಯಾಗಿರುವುದರಿಂದ ಈಗ ಬಸ್ಸಿನಲ್ಲಿಯೂ ಹೊಳೆ ದಾಟಬಹುದು. ಆದರೂ ನೀರಿಳಿದ ದಿನಗಳಲ್ಲಿ ಒಮ್ಮೆ ಹರಿಗೋಲಿನಲ್ಲಿ ಕುಳಿತು ನೋಡಬೇಕು. ಅಂಬಿಗನನ್ನು ಊರು ಯಾವುದೆಂದು ಕೇಳಿ, ಹೊಳೆಯ ಮಾತು ತೆಗೆಯಿರಿ. ಪುಸ್ತಿಕೆಯಲ್ಲಿಲ್ಲದ ಎಷ್ಟೋ ಸಂಗತಿ ಅವನಿಗೆ ಗೊತ್ತು. ಪಾಯೆಸ್ ಹೇಳಿದಂತೆ ಅದು ಇಂದಿಗೂ ನೇರವಾಗಿ ಹೋಗುವುದಿಲ್ಲ. ಸುತ್ತುತ್ತ ಸಾಗುವಾಗ ಒಮ್ಮೆ ಗೋಪುರ ಕಾಣುತ್ತದೆ, ಒಮ್ಮೆ ಬಂಡೆ, ಒಮ್ಮೆ ಭತ್ತದ ಗದ್ದೆ, ಇನ್ನೊಮ್ಮೆ ಎದುರಿಗೆ ಕುಳಿತು ಹುಟ್ಟು ಹಾಕುತ್ತಿರುವವನ ಮುಖ. ಹಂಪಿಯನ್ನು ಕಾಣುವುದಕ್ಕೆ ಈ ನಾಲ್ಕೂ ಬೇಕು.