ಶಿಕ್ಷಕರ ಶಿಕ್ಷಣ ಕೋರ್ಸುಗಳು: ವೆಚ್ಚ ಮತ್ತು ಪ್ರಯೋಜನಗಳ ತುಲನೆ
(ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಅಭ್ಯರ್ಥಿಗಳ ಮಾಹಿತಿಗಾಗಿ)

ಶಿಕ್ಷಕ ವೃತ್ತಿಯನ್ನು ಸೇರಬಯಸುವ ಅಭ್ಯರ್ಥಿಗಳು ಕೋರ್ಸನ್ನು ಆಯ್ಕೆ ಮಾಡುವಾಗ ಕಾಲೇಜು ಶುಲ್ಕವೊಂದನ್ನೇ ಪರಿಗಣಿಸುವುದು ಸಾಲದು. ಕೋರ್ಸಿನ ಅವಧಿ, ಪ್ರಯಾಣ ಅಥವಾ ವಸತಿಯ ವೆಚ್ಚ ಹಾಗೂ ಪದವಿ ಪಡೆದ ನಂತರ ಯಾವ ತರಗತಿಗಳಿಗೆ ಬೋಧಿಸಲು ಅರ್ಹತೆ ದೊರೆಯುತ್ತದೆ ಎಂಬುದನ್ನು ಒಟ್ಟಾಗಿ ಪರಿಶೀಲಿಸತಕ್ಕದ್ದು.

1. ಲಭ್ಯವಿರುವ ಕೋರ್ಸುಗಳು

ಅ) ಡಿ.ಎಲ್.ಇಡಿ.: ಹಿಂದೆ ಟಿ.ಸಿ.ಎಚ್. ಹಾಗೂ ಡಿ.ಇಡಿ. ಎಂದು ಕರೆಯಲಾಗುತ್ತಿದ್ದ ಕೋರ್ಸು. ಪಿ.ಯು.ಸಿ. ನಂತರ 2 ವರ್ಷ. 1ರಿಂದ 5ನೇ ತರಗತಿಗೆ ಅರ್ಹತೆ. ಇದರೊಂದಿಗೆ ಪದವಿಯನ್ನೂ ಪಡೆದಲ್ಲಿ 6ರಿಂದ 8ನೇ ತರಗತಿಗೂ ಅರ್ಹತೆ ದೊರೆಯುತ್ತದೆ.

ಆ) ಬಿ.ಇಡಿ.: ಪದವಿಯ ನಂತರ 2 ವರ್ಷ. 2015-16ಕ್ಕೆ ಮೊದಲು ಇದು 1 ವರ್ಷದ ಕೋರ್ಸಾಗಿತ್ತು. 6ರಿಂದ 8ನೇ ತರಗತಿ ಹಾಗೂ ಪ್ರೌಢಶಾಲೆಗೆ ಅರ್ಹತೆ.

ಇ) ಸಂಯೋಜಿತ ಕೋರ್ಸು (ಐ.ಟಿ.ಇ.ಪಿ.): ಪಿ.ಯು.ಸಿ. ನಂತರ 4 ವರ್ಷ. ಪದವಿ ಮತ್ತು ಶಿಕ್ಷಕ ತರಬೇತಿ ಒಟ್ಟಿಗೆ ನಡೆಯುತ್ತವೆ. ಪ್ರವೇಶವು ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ. ಮೂರು ವರ್ಷದ ಪದವಿ ಹಾಗೂ ಬಿ.ಇಡಿ.ಗೆ ಒಟ್ಟು 5 ವರ್ಷ ಬೇಕಾಗುವುದರಿಂದ ಇಲ್ಲಿ 1 ವರ್ಷ ಉಳಿತಾಯವಾಗುತ್ತದೆ. ಆದರೆ ಮನೆಯಿಂದ ದೂರವಿದ್ದು ಓದಬೇಕಾದಲ್ಲಿ ವಸತಿ ವೆಚ್ಚವನ್ನು ಈ ಉಳಿತಾಯದೊಂದಿಗೆ ಹೋಲಿಸಿ ನೋಡತಕ್ಕದ್ದು.

2. ಬಹುಮುಖ್ಯ ಸೂಚನೆ

ಬಿ.ಇಡಿ. ಪದವೀಧರರನ್ನು 1ರಿಂದ 5ನೇ ತರಗತಿಗೂ ಪರಿಗಣಿಸಲು ಅವಕಾಶ ನೀಡಿದ್ದ 2018ರ ಎನ್.ಸಿ.ಟಿ.ಇ. ಅಧಿಸೂಚನೆಯು ಈಗ ಊರ್ಜಿತದಲ್ಲಿಲ್ಲ. ದಿನಾಂಕ 11-08-2023ರಂದು ಸರ್ವೋಚ್ಚ ನ್ಯಾಯಾಲಯವು ನೀಡಿದ ತೀರ್ಪಿನಂತೆ, ಬಿ.ಇಡಿ. ಪದವಿಯು ಈ ತರಗತಿಗಳ ಶಿಕ್ಷಕ ಹುದ್ದೆಗೆ ಅರ್ಹತೆಯಾಗುವುದಿಲ್ಲ. ಆದುದರಿಂದ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಸೇವೆ ಸಲ್ಲಿಸಬಯಸುವವರು ಹೆಚ್ಚು ವೆಚ್ಚದ ಬಿ.ಇಡಿ. ಮಾಡಿದರೂ ಆ ಹುದ್ದೆಗೆ ಅರ್ಜಿ ಸಲ್ಲಿಸಲು ಸಾಧ್ಯವಾಗದು.

3. ಒಟ್ಟು ವೆಚ್ಚವನ್ನು ಲೆಕ್ಕ ಹಾಕುವ ವಿಧಾನ

ಕೆಳಕಂಡ ಬಾಬುಗಳನ್ನು ಕೋರ್ಸಿನ ಪೂರ್ಣ ಅವಧಿಗೆ ಕೂಡಿಸಿಕೊಳ್ಳುವುದು:
(1) ಬೋಧನಾ ಶುಲ್ಕ, ಪರೀಕ್ಷಾ ಶುಲ್ಕ ಮತ್ತು ಇತರೆ ಶುಲ್ಕ
(2) ಬಸ್ಸಿನ ವೆಚ್ಚ, ಅಥವಾ ವಸತಿ ಹಾಗೂ ಊಟದ ವೆಚ್ಚ
(3) ಪುಸ್ತಕ, ರೆಕಾರ್ಡ್ ಮತ್ತು ಬೋಧನೋಪಕರಣಗಳು
(4) ಕೋರ್ಸಿನ ಅವಧಿಯಲ್ಲಿ ಕೈತಪ್ಪುವ ದುಡಿಮೆ
ಈ ಮೊತ್ತದಿಂದ ಮಂಜೂರಾಗುವ ವಿದ್ಯಾರ್ಥಿವೇತನವನ್ನು ಕಳೆಯುವುದು.

ಬಿ.ಇಡಿ. ಕೋರ್ಸಿಗೆ ವರ್ಷಕ್ಕೆ ಕನಿಷ್ಠ 200 ಕೆಲಸದ ದಿನಗಳಿರುತ್ತವೆ. ತರಗತಿಗಳಿಗೆ ಶೇ. 80 ಹಾಗೂ ಶಾಲಾ ಇಂಟರ್ನ್‌ಶಿಪ್‌ಗೆ ಶೇ. 90 ಹಾಜರಾತಿ ಕಡ್ಡಾಯ. ಉದಾಹರಣೆಗೆ, ಹೋಗಿ ಬರಲು ದಿನಕ್ಕೆ ರೂ. 80 ತಗಲುವುದೆಂದು ಭಾವಿಸಿದಲ್ಲಿ ವರ್ಷಕ್ಕೆ ರೂ. 16,000, ಎರಡು ವರ್ಷಕ್ಕೆ ರೂ. 32,000 ಆಗುತ್ತದೆ. ಶುಲ್ಕವು ರೂ. 20,000 ಕಡಿಮೆ ಇರುವ ದೂರದ ಕಾಲೇಜಿಗಿಂತ, ಬಸ್ಸಿನ ವೆಚ್ಚವಿಲ್ಲದ ಸಮೀಪದ ಕಾಲೇಜು ಈ ಲೆಕ್ಕದಲ್ಲಿ ರೂ. 12,000 ಅಗ್ಗವಾಗುತ್ತದೆ. ಆನವಟ್ಟಿ, ಶಿರಾಳಕೊಪ್ಪ ಮುಂತಾದ ಕಡೆಗಳಿಂದ ಸಾಗರ ಅಥವಾ ಶಿವಮೊಗ್ಗಕ್ಕೆ ಹೋಗಿ ಓದಬಯಸುವವರು ಇದನ್ನು ವಿಶೇಷವಾಗಿ ಗಮನಿಸುವುದು.

ಜೂನ್ 2023ರಲ್ಲಿ ಆರಂಭವಾದ ಶಕ್ತಿ ಯೋಜನೆಯನ್ವಯ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ತಮ್ಮ ಗ್ರಾಮದಿಂದ ಕಾಲೇಜಿನ ವೇಳೆಗೆ ಸರ್ಕಾರಿ ಬಸ್ಸು ಇದೆಯೇ ಎಂಬುದನ್ನು ಮೊದಲೇ ತಿಳಿದುಕೊಳ್ಳುವುದು.

4. ಸರ್ಕಾರಿ ಸೀಟು ಮತ್ತು ವಿದ್ಯಾರ್ಥಿವೇತನ

ಸರ್ಕಾರಿ ಕೋಟಾದ ಸೀಟುಗಳನ್ನು ಕೇಂದ್ರೀಕೃತ ದಾಖಲಾತಿ ಘಟಕವು ಅರ್ಹತೆ ಹಾಗೂ ಮೀಸಲಾತಿಯ ಆಧಾರದ ಮೇಲೆ ಹಂಚಿಕೆ ಮಾಡುತ್ತದೆ. ಆಡಳಿತ ಮಂಡಳಿ ಕೋಟಾದ ಸೀಟಿಗೆ ಒಪ್ಪುವ ಮೊದಲು ಈ ಹಂಚಿಕೆಯಲ್ಲಿ ಭಾಗವಹಿಸುವುದು ಸೂಕ್ತ. ವಿದ್ಯಾರ್ಥಿವೇತನ ಹಾಗೂ ಶುಲ್ಕ ಮರುಪಾವತಿಗೆ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ (ಎಸ್.ಎಸ್.ಪಿ.) ಮೂಲಕ ಅರ್ಜಿ ಸಲ್ಲಿಸತಕ್ಕದ್ದು. ಜಾತಿ ಮತ್ತು ಆದಾಯ ಪ್ರಮಾಣ ಪತ್ರಗಳನ್ನು ನಾಡಕಚೇರಿಯಿಂದ ಮುಂಚಿತವಾಗಿ ಪಡೆದಿಟ್ಟುಕೊಳ್ಳುವುದು. ತಮಗೆ ದೊರೆತ ಸೀಟಿಗೆ ಈ ಸೌಲಭ್ಯ ಅನ್ವಯಿಸುವುದೇ ಎಂಬುದನ್ನು ಹಣ ಕಟ್ಟುವ ಮೊದಲೇ ಖಚಿತಪಡಿಸಿಕೊಳ್ಳುವುದು.

5. ಶಿಕ್ಷಕರ ಅರ್ಹತಾ ಪರೀಕ್ಷೆ (ಟಿ.ಇ.ಟಿ.)

1ರಿಂದ 8ನೇ ತರಗತಿಯ ಶಿಕ್ಷಕ ಹುದ್ದೆಗೆ ಕೋರ್ಸಿನ ಜೊತೆಗೆ ಟಿ.ಇ.ಟಿ. ಉತ್ತೀರ್ಣತೆಯೂ ಅಗತ್ಯ. 1ರಿಂದ 5ಕ್ಕೆ ಪತ್ರಿಕೆ-1, 6ರಿಂದ 8ಕ್ಕೆ ಪತ್ರಿಕೆ-2. ಪ್ರತಿ ಪತ್ರಿಕೆಗೆ 150 ಅಂಕಗಳಿದ್ದು, ಸಾಮಾನ್ಯ ವರ್ಗದವರು ಶೇ. 60 ಅಂದರೆ 90 ಅಂಕ ಪಡೆಯಬೇಕು. ಪ್ರಮಾಣ ಪತ್ರವು ಜೀವಿತಾವಧಿಯವರೆಗೆ ಮಾನ್ಯವಾಗಿರುತ್ತದೆ. ಟಿ.ಇ.ಟಿ. ಉತ್ತೀರ್ಣರಾದ ಮಾತ್ರಕ್ಕೆ ನೇಮಕಾತಿಯ ಹಕ್ಕು ದೊರೆಯುವುದಿಲ್ಲ. ನೇಮಕಾತಿ ಅಧಿಸೂಚನೆ ಪ್ರತಿ ವರ್ಷ ಹೊರಡುವುದೂ ಇಲ್ಲ. ಸಾಲ ಮಾಡಿ ಓದುವವರು ಈ ಕಾಯುವ ಅವಧಿಯ ಬಡ್ಡಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು.

6. ದಾಖಲಾತಿಗೆ ಮೊದಲು ಪರಿಶೀಲಿಸಬೇಕಾದ ಅಂಶಗಳು

* ಸಂಸ್ಥೆಗೆ ಎನ್.ಸಿ.ಟಿ.ಇ. ಮಾನ್ಯತೆ ಇದೆಯೇ?
* ಬಿ.ಇಡಿ. ಆಗಿದ್ದಲ್ಲಿ ವಿಶ್ವವಿದ್ಯಾಲಯದ ಸಂಯೋಜನೆ ಇದೆಯೇ? (ಈ ಜಿಲ್ಲೆಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ)
* ಪೂರ್ಣ ಶುಲ್ಕದ ವಿವರವನ್ನು ಲಿಖಿತವಾಗಿ ನೀಡಿದ್ದಾರೆಯೇ?
* ಪಾವತಿಸಿದ ಪ್ರತಿ ಮೊತ್ತಕ್ಕೂ ರಸೀದಿ ನೀಡಲಾಗುತ್ತಿದೆಯೇ?
* ತಮ್ಮ ಪದವಿಯ ವಿಷಯಗಳಿಗೆ ಅಲ್ಲಿ ಬೋಧನಾ ಪದ್ಧತಿ ಲಭ್ಯವಿದೆಯೇ?

ಮಾನ್ಯತೆಯಿಲ್ಲದ ಸಂಸ್ಥೆಯ ಪ್ರಮಾಣ ಪತ್ರವು ನೇಮಕಾತಿಗೆ ಪರಿಗಣಿತವಾಗುವುದಿಲ್ಲ. ತರಗತಿಗೆ ಹಾಜರಾಗದೆಯೇ ಪದವಿ ಕೊಡಿಸುವುದಾಗಿ ಹೇಳುವ ಮಧ್ಯವರ್ತಿಗಳಿಗೆ ಹಣವನ್ನಾಗಲಿ, ಮೂಲ ಅಂಕಪಟ್ಟಿಗಳನ್ನಾಗಲಿ ನೀಡಬಾರದು.

ಹೆಚ್ಚಿನ ಮಾಹಿತಿಗಾಗಿ ಶಿಕಾರಿಪುರ ಅಥವಾ ಸೊರಬದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯನ್ನು ಅಥವಾ ಶಿವಮೊಗ್ಗದ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯನ್ನು (ಡಯಟ್) ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.